ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನ್: ತಪಾಸಣೆ ವರದಿಯಲ್ಲಿ ಬರೆದ ದೋಷಗಳನ್ನು ತೂಗಿ ನೋಡುವುದು ಹೇಗೆ?

"ಸರ್, ಗಾಡಿ ಚೆಕ್ ಮಾಡಿಸಿದ್ವಿ. ಹದಿನೇಳು ಪಾಯಿಂಟ್ ಬರೆದು ಕೊಟ್ಟಿದಾರೆ. ತಗೋಬಹುದಾ, ಬೇಡ್ವಾ?"

ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಹಳೆಯ ಟಿಟಿಯನ್ನೋ (ಟೆಂಪೊ ಟ್ರಾವೆಲರ್) ದೊಡ್ಡ ವ್ಯಾನನ್ನೋ ತಂದು, ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಕೆಲವದರಲ್ಲಿ ಬಚ್ಚಲನ್ನೂ ಕೂರಿಸಿದ ಗಾಡಿಗೆ ಕ್ಯಾಂಪರ್ ವ್ಯಾನ್, ಮೋಟರ್‌ಹೋಮ್, ಕ್ಯಾರವಾನ್ ಎಂದು ನಾನಾ ಹೆಸರು. ಇಲ್ಲಿ ಎಲ್ಲಕ್ಕೂ ವ್ಯಾನ್ ಎಂದೇ ಬರೆಯುತ್ತೇನೆ. ಎರಡು ಮೂರು ಮನೆಯವರು ಸೇರಿ ದುಡ್ಡು ಹಾಕಿ ಕೊಳ್ಳುವವರು ಹೆಚ್ಚು. ಅದರಲ್ಲಿ ಮಕ್ಕಳು, ವಯಸ್ಸಾದ ತಂದೆ ತಾಯಿ ಎಲ್ಲರೂ ಮಲಗುತ್ತಾರೆ. ಅದಕ್ಕೇ ಈ ಪ್ರಶ್ನೆಗೆ ಫೋನಿನಲ್ಲಿ ಹೂಂ, ಉಹೂಂ ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ದೋಷ ಎಷ್ಟಿವೆ ಎಂದು ಎಣಿಸಿ ಪ್ರಯೋಜನವಿಲ್ಲ. ಹದಿನೇಳು ದೋಷವಿದ್ದ ವ್ಯಾನನ್ನು ಧೈರ್ಯವಾಗಿ ಕೊಂಡವರಿದ್ದಾರೆ. ಮೂರೇ ದೋಷವಿದ್ದದ್ದನ್ನು ಬಿಡಿ ಎಂದು ನಾನೇ ಹೇಳಿದ್ದೇನೆ. ವರದಿಯಲ್ಲಿ ದೋಷಗಳು ಮೆಕ್ಯಾನಿಕ್ ಕಣ್ಣಿಗೆ ಬಿದ್ದ ಕ್ರಮದಲ್ಲಿರುತ್ತವೆ. ಮೊದಲು ಹರಿದ ಸೀಟ್ ಕವರ್, ಆಮೇಲೆ ಗೀರು ಬಿದ್ದ ಬಂಪರ್, ಹದಿನಾರನೆಯದಾಗಿ "ಸ್ವಲ್ಪ ಗ್ಯಾಸ್ ವಾಸನೆ". ಅದನ್ನು ಅಪಾಯದ ಕ್ರಮಕ್ಕೆ ತಿರುಗಿಸಿ ಬರೆದುಕೊಳ್ಳುವುದು ನಿಮ್ಮ ಕೆಲಸ. ರಿಪೇರಿಗೆ ಎಷ್ಟು ಖರ್ಚು ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಮುಂದಿನ ಗಾಜು ಬದಲಿಸಲು ಸಾವಿರಗಟ್ಟಲೆ ಬೇಕು, ಗ್ಯಾಸ್ ಪೈಪಿನ ಕ್ಲಿಪ್ಪಿಗೆ ಚಿಲ್ಲರೆ ದುಡ್ಡು ಸಾಕು. ಪ್ರಾಣ ತೆಗೆಯಬಲ್ಲದ್ದು ಎರಡನೆಯದು.

ಕೈಯಲ್ಲಿ ಇಷ್ಟು ಇರಲಿ: ವರದಿಯ ಪ್ರತಿ, ಆರ್‌ಸಿಯ ಎರಡೂ ಬದಿಯ ಫೋಟೊ, ಒಳ್ಳೆಯ ಟಾರ್ಚು, ಚಿಕ್ಕ ಸ್ಕ್ರೂಡ್ರೈವರ್, ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಅಂಗೈಯಗಲದ ಮೀಟರು, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ), ಸಾಬೂನು ನೀರು ತುಂಬಿದ ಸ್ಪ್ರೇ ಬಾಟಲಿ, ಗಾಡಿಯ ಕೆಳಗೆ ಮಲಗಲು ಹಳೆಯ ಬೆಡ್‌ಶೀಟು. ಜೊತೆಗೆ ಹಗಲಿನ ಅರ್ಧ ದಿನ. ಸಂಜೆ ಏಳರ ಮೇಲೆ ಬೀದಿದೀಪದ ಬೆಳಕಿನಲ್ಲಿ ಗಾಡಿ ನೋಡಲು ಹೋಗಲೇಬೇಡಿ.

1. ವರದಿಯಲ್ಲಿ ಏನು ಬರೆದಿಲ್ಲ ಎಂಬುದನ್ನು ಮೊದಲು ನೋಡಿ

"ಸರಿ ಇದೆ" ಎಂಬುದಕ್ಕೂ "ನೋಡಿಲ್ಲ" ಎಂಬುದಕ್ಕೂ ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಎರಡಕ್ಕೂ ಅಲ್ಲಿ ಖಾಲಿ ಜಾಗ. ನಮ್ಮ ಕಡೆ ತಪಾಸಣೆ ಮಾಡುವವರು ಹೆಚ್ಚಾಗಿ ಎಂಜಿನ್, ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್‌ಗಳು. ಆ ಭಾಗದಲ್ಲಿ ಅವರ ಮಾತು ನಂಬಬಹುದು. ಆದರೆ ವ್ಯಾನ್ ಎಂದರೆ ಅರ್ಧ ಗಾಡಿ, ಅರ್ಧ ಮನೆ. ಮನೆಯ ಭಾಗವಾದ ಗ್ಯಾಸು, ಇನ್ವರ್ಟರು, ನೀರು, ಪ್ಲೈವುಡ್ಡಿನ ಕೆಲಸವನ್ನು ಅವರು ಮುಟ್ಟಿರುವುದೇ ಇಲ್ಲ.

ಹಾಗಾಗಿ ಅವರಿಗೆ ಫೋನ್ ಮಾಡಿ ಐದು ಪ್ರಶ್ನೆ ಕೇಳಿ. ಗಾಡಿಯನ್ನು ಜಾಕ್ ಮೇಲೋ ಪಿಟ್ ಮೇಲೋ ಹಾಕಿ ಕೆಳಗಿಂದ ನೋಡಿದಿರಾ? ಚಕ್ರ ಬಿಚ್ಚಿ ಬ್ರೇಕ್ ನೋಡಿದಿರಾ? ಹಾಸಿಗೆಯ ಹಲಗೆ ಎತ್ತಿ ಕೆಳಗಿನ ವೈರಿಂಗ್ ನೋಡಿದಿರಾ? ಇನ್ವರ್ಟರಿಗೆ ಲೋಡ್ ಕೊಟ್ಟು ಓಡಿಸಿದಿರಾ? ಗ್ಯಾಸ್ ಪೈಪನ್ನು ಯಾವುದರಿಂದ ಪರೀಕ್ಷಿಸಿದಿರಿ? "ಇಲ್ಲ" ಎಂದು ಬಂದ ಪ್ರತಿ ಉತ್ತರವನ್ನೂ ಒಂದು ದೋಷವೆಂದೇ ಪಟ್ಟಿಗೆ ಸೇರಿಸಿ.

ಎಚ್ಚರಿಕೆ: ಮಾರುವವರೋ ಬ್ರೋಕರೋ ಕರೆತಂದ ಮೆಕ್ಯಾನಿಕ್ ಕೊಟ್ಟ "ಜನರಲ್ ಚೆಕಪ್ ಓಕೆ" ಎಂಬ ಒಂದು ಸಾಲಿನ ಚೀಟಿ ವರದಿಯಲ್ಲ.

2. ಪ್ರತಿ ದೋಷಕ್ಕೂ ಮೂರು ಪ್ರಶ್ನೆ, ನಾಲ್ಕು ಗುಂಪು

ಇದು ಕೆಟ್ಟರೆ ಏನಾಗುತ್ತದೆ? ಕೆಡುವ ಮುನ್ನ ಸೂಚನೆ ಕೊಡುತ್ತದೆಯೇ? ಆ ಸೂಚನೆ ನಿದ್ದೆಯಲ್ಲಿರುವವರಿಗೆ ಗೊತ್ತಾಗುತ್ತದೆಯೇ? ಈ ಮೂರನ್ನೂ ಕೇಳಿ ದೋಷಗಳನ್ನು ಹೀಗೆ ಬೇರೆ ಮಾಡಿ:

ಬಿಟ್ಟುಬಿಡುವುದು: ದುಡ್ಡು ಕೊಟ್ಟರೂ ಸರಿಯಾಗದ್ದು. ಕತ್ತರಿಸಿದ ಚಾಸಿ (ಗಾಡಿಯ ತಳದ ಉಕ್ಕಿನ ಚೌಕಟ್ಟು), ಆರ್‌ಸಿಗೆ ಹೊಂದದ ಗಾಡಿ ಇಂಥವು.
ನಿಲ್ಲಿಸುವುದು: ಸರಿಯಾಗುತ್ತದೆ, ಆದರೆ ಸರಿಯಾಗುವ ತನಕ ಅದರಲ್ಲಿ ಮಲಗಬಾರದು ಅಥವಾ ಅದನ್ನು ಓಡಿಸಬಾರದು. ಗ್ಯಾಸ್, ವಿಷಾನಿಲ, ವೈರಿಂಗ್, ಬ್ರೇಕ್, ಟೈರ್ ದೋಷಗಳೆಲ್ಲ ಇಲ್ಲಿಗೆ.
ತಿಂಗಳೊಳಗೆ ಮಾಡಿಸುವುದು: ವೈಪರ್, ಸವೆದ ಬುಷ್ (ಚಕ್ರದ ಜೋಡಣೆಗಳ ನಡುವಿನ ರಬ್ಬರ್), ಸಣ್ಣ ಆಯಿಲ್ ಸೋರಿಕೆ.
ಬೆಲೆ ಇಳಿಸಲು ಮಾತ್ರ: ಸೀಟ್ ಕವರ್, ಬಣ್ಣ, ಬೀರು ಬಾಗಿಲ ಹಿಡಿ.

ವರದಿಯಲ್ಲಿ ನಾಲ್ಕನೆಯ ಗುಂಪಿನವೇ ಹೆಚ್ಚಿರುತ್ತವೆ. ಚೌಕಾಸಿಯೆಲ್ಲ ಅವುಗಳ ಸುತ್ತಲೇ ನಡೆದು, ಎರಡನೆಯ ಗುಂಪು ಮರೆತೇ ಹೋಗುತ್ತದೆ. ಹಾಗಾಗಲು ಬಿಡಬೇಡಿ.

3. ಗ್ಯಾಸ್

ಅಡುಗೆ ಅನಿಲ, ಅಂದರೆ ಎಲ್‌ಪಿಜಿ, ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರದೆ ನೆಲಕ್ಕಿಳಿದು ನೀರಿನ ಹಾಗೆ ತಗ್ಗು ಹುಡುಕುತ್ತದೆ. ವ್ಯಾನಿನಲ್ಲಿ ಆ ತಗ್ಗು ಎಂದರೆ ಬಾಗಿಲ ಮೆಟ್ಟಿಲಿನ ಗುಂಡಿ, ಹಾಸಿಗೆಯ ಕೆಳಗಿನ ಪೆಟ್ಟಿಗೆ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳಲು ಸಾಕು. ಮನೆಯ ಅಡುಗೆಕೋಣೆಯಲ್ಲಿ ಹರಡಿ ತೆಳುವಾಗುವಷ್ಟೇ ಗ್ಯಾಸು ವ್ಯಾನಿನ ಚಿಕ್ಕ ಜಾಗದಲ್ಲಿ ದಟ್ಟವಾಗಿ ನಿಲ್ಲುತ್ತದೆ.

ವರದಿಯಲ್ಲಿ "ಸ್ವಲ್ಪ ವಾಸನೆ" ಎಂದಿದ್ದರೆ ಆ "ಸ್ವಲ್ಪ"ವನ್ನು ಹೊಡೆದುಹಾಕಿ ಓದಿ. ಆಮೇಲೆ ನೀವೇ ಹೀಗೆ ನೋಡಿ. ಬಾಗಿಲು ಕಿಟಕಿ ತೆರೆದಿಡಿ. ಒಲೆಯ ನಾಬ್ ಮುಚ್ಚಿ, ಸಿಲಿಂಡರಿನ ರೆಗ್ಯುಲೇಟರ್ ಆನ್ ಮಾಡಿ. ರೆಗ್ಯುಲೇಟರ್ ಕೂರುವ ಜಾಗ, ಪೈಪಿನ ಎರಡೂ ತುದಿ, ನಡುವಿನ ಪ್ರತಿ ಜಾಯಿಂಟಿಗೂ ಸಾಬೂನು ನೀರು ಸಿಂಪಡಿಸಿ, ಟಾರ್ಚ್ ಹಿಡಿದು ಎರಡು ನಿಮಿಷ ಕದಲದೆ ನೋಡಿ. ದೊಡ್ಡ ಸೋರಿಕೆಯಾದರೆ ತಕ್ಷಣ ಬುರುಬುರು ನೊರೆ ಏಳುತ್ತದೆ. ಸಣ್ಣ ಸೋರಿಕೆಯಲ್ಲಿ ಮೊದಲು ಏನೂ ಕಾಣುವುದಿಲ್ಲ. ನಿಧಾನವಾಗಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಮೂಡಿ, ಒಡೆದು, ಅದೇ ಜಾಗದಲ್ಲಿ ಇನ್ನೊಂದು ಮೂಡುತ್ತದೆ. ರಾತ್ರಿಯಿಡೀ ಸೋರಲು ಅಷ್ಟು ಸಾಕು. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಇನ್ನು ಪೈಪು. ಒಳಗೆ ಉಕ್ಕಿನ ತಂತಿಯ ಹೆಣಿಗೆಯಿರುವ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಆಗಿರಬೇಕು. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ದಾಟಿದ್ದರೆ ಬದಲಿಸಿ. ಪ್ಲೈವುಡ್ಡಿಗೆ ತೂತು ಕೊರೆದು ಪೈಪನ್ನು ಹಾಗೇ ದಾಟಿಸಿದ್ದರೆ ಆ ಅಂಚಿನಲ್ಲಿ ಸವೆದಿದೆಯೇ ನೋಡಿ. ಮನೆಯ ಪೈಪಿಗೆ ಅಲುಗಾಟವಿಲ್ಲ, ವ್ಯಾನಿನದಕ್ಕೆ ದಾರಿಯುದ್ದಕ್ಕೂ ಅಲುಗಾಟ.

ಸಿಲಿಂಡರ್ ಇಡುವ ಗೂಡು ಒಳಗಿನ ಜಾಗದಿಂದ ಪೂರ್ತಿ ಬೇರೆಯಾಗಿರಬೇಕು, ಬಾಗಿಲು ಹೊರಗಡೆಗೆ ತೆರೆಯಬೇಕು, ತಳದಲ್ಲಿ ಹೊರಕ್ಕೆ ಹೋಗುವ ತೂತು ಇರಬೇಕು. ಆ ತೂತಿನ ಕೆಳಗೇ ಸೈಲೆನ್ಸರ್ ಪೈಪಾಗಲಿ ಬ್ಯಾಟರಿಯಾಗಲಿ ಇರಬಾರದು. ನಮ್ಮಲ್ಲಿ ಬಾಡಿ ಕಟ್ಟಿದ ಬಹಳಷ್ಟು ವ್ಯಾನುಗಳಲ್ಲಿ ಸಿಲಿಂಡರು ಅಡುಗೆ ಕಟ್ಟೆಯ ಕೆಳಗೆ, ಹಾಸಿಗೆಯಿಂದ ಎರಡು ಮೊಳ ದೂರದಲ್ಲಿ ನಿಂತಿರುತ್ತದೆ. ಅದನ್ನು ನಾನು "ನಿಲ್ಲಿಸುವುದು" ಗುಂಪಿಗೆ ಹಾಕುತ್ತೇನೆ, ಸೋರಿಕೆ ಇರಲಿ ಇಲ್ಲದಿರಲಿ.

ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. "ಬಿ 27" ಎಂದಿದ್ದರೆ 2027ರ ಜೂನ್ ಒಳಗೆ ಅದರ ಮರುಪರೀಕ್ಷೆ ಆಗಬೇಕು ಎಂದರ್ಥ. ಅವಧಿ ಮೀರಿದ್ದನ್ನು ವಾಪಸು ಕೊಡಿ. ನಿಮ್ಮ ಕೈಗೆ ಬಂದ ಮೇಲೆ ಎಂದಾದರೂ ಗ್ಯಾಸ್ ಸೋರಿದರೆ ಸ್ವಿಚ್ ಮುಟ್ಟದೆ ಎಲ್ಲರನ್ನೂ ಇಳಿಸಿ, ರೆಗ್ಯುಲೇಟರ್ ಮುಚ್ಚಿ, ದೂರ ಹೋಗಿ 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ.

4. ವಾಸನೆ ಇಲ್ಲದ ವಿಷ

ಈ ಹಂತವನ್ನು ದಯವಿಟ್ಟು ಎರಡು ಸಲ ಓದಿ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆ, ಗ್ಯಾಸ್ ಗೀಸರ್, ಎಂಜಿನ್, ಜನರೇಟರ್, ಇದ್ದಿಲು ಯಾವುದೇ ಆಗಲಿ, ಗಾಳಿ ಸಾಲದೆ ಉರಿದಾಗ ಅದು ಹುಟ್ಟುತ್ತದೆ. ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣ. ದಿನವಿಡೀ ಸುತ್ತಾಡಿ ಬಂದವರು ಸುಸ್ತಿರಬೇಕು ಎಂದುಕೊಂಡು ಮಲಗಿಬಿಡುತ್ತಾರೆ.

ವರದಿಯಲ್ಲಿ "ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ" ಎಂದಿದ್ದರೆ ಅದನ್ನು ಸೌಲಭ್ಯವೆಂದು ಓದಬೇಡಿ. ಮನೆಯ ಮುಚ್ಚಿದ ಬಚ್ಚಲಿನಲ್ಲೇ ಗ್ಯಾಸ್ ಗೀಸರ್‌ನಿಂದ ಜನ ಸತ್ತಿದ್ದಾರೆ. ವ್ಯಾನಿನ ಬಚ್ಚಲು ಅದರ ಕಾಲುಭಾಗವೂ ಇರುವುದಿಲ್ಲ. ಬಿಚ್ಚಿಸಿಬಿಡಿ, ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

ಎರಡನೆಯದಾಗಿ, ಸೈಲೆನ್ಸರಿನ ಹೊಗೆ. "ಎಕ್ಸಾಸ್ಟ್ ಲೀಕ್, ಸಣ್ಣದು" ಎಂದು ಬರೆದಿದ್ದರೆ ಬೆಡ್‌ಶೀಟ್ ಹಾಸಿ ಗಾಡಿಯ ಕೆಳಗೆ ಮಲಗಿ, ಎಂಜಿನ್ ಆರಿಸಿಯೇ ನೋಡಿ. ಸೈಲೆನ್ಸರ್ ಪೈಪಿನ ಜಾಯಿಂಟ್ ಸುತ್ತ ಕಪ್ಪು ಮಸಿ ಹರಡಿದ್ದರೆ ಹೊಗೆ ಅಲ್ಲಿಂದ ಬರುತ್ತಿದೆ. ಆಮೇಲೆ ಅದರ ನೇರಕ್ಕೆ ಮೇಲೆ ನೋಡಿ. ನೀರಿನ ಪೈಪು, ವೈರು ಇಳಿಸಲು ಬಾಡಿ ಕಟ್ಟಿದವರು ನೆಲಕ್ಕೆ ಕೊರೆದ ತೂತುಗಳಿರುತ್ತವೆ. ಅರ್ಧ ಇಂಚಿನ ಪೈಪಿಗೆ ಒಂದೂವರೆ ಇಂಚು ತೂತು, ಸುತ್ತ ಖಾಲಿ. ಒಳಗಿನಿಂದ ಒಬ್ಬರು ಟಾರ್ಚ್ ಬಿಡಲಿ, ಕೆಳಗೆ ಬೆಳಕು ಬಿದ್ದ ಕಡೆಯೆಲ್ಲ ಹೊಗೆಗೂ ದಾರಿಯಿದೆ.

ಮೂರನೆಯದು, ಗಾಳಿಕಿಂಡಿ. ನೆಲದ ಹತ್ತಿರ ಒಂದು, ಚಾವಣಿಯ ಹತ್ತಿರ ಒಂದು, ಮುಚ್ಚಲಾಗದ ಕಿಂಡಿಗಳಿರಬೇಕು. ಸೊಳ್ಳೆ ಬರುತ್ತದೆಂದು ಹಿಂದಿನ ಮಾಲೀಕರು ಬಟ್ಟೆ ತುರುಕಿರುತ್ತಾರೆ. ಬಂಡೀಪುರದ ದಾರಿಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ, ತಡವಾಗಿ ಹೊರಟವರು ಗುಂಡ್ಲುಪೇಟೆಯ ಆಚೀಚೆಯೇ ರಾತ್ರಿ ಕಳೆಯುತ್ತಾರೆ. ಡಿಸೆಂಬರಿನ ಚಳಿಗೆ ಎಲ್ಲ ಕಿಟಕಿ ಮುಚ್ಚಿ, ಚಹಾಕ್ಕೆ ಒಲೆ ಹಚ್ಚುತ್ತಾರೆ. ಆ ಕಿಂಡಿಗಳಿರುವುದು ಆ ಹೊತ್ತಿಗಾಗಿ.

ಒಲೆಯ ಜ್ವಾಲೆ ನೀಲಿಯಿರಬೇಕು. ಹಳದಿ ನಾಲಗೆ ಚಾಚಿದರೆ, ಪಾತ್ರೆಯ ತಳ ಕಪ್ಪಾದರೆ ಬರ್ನರ್ ಸರಿಯಾಗಿ ಉರಿಯುತ್ತಿಲ್ಲ. ಎರಡು ಅಲಾರಂ ಬೇಕು: ಎಲ್‌ಪಿಜಿಯದು ನೆಲದ ಹತ್ತಿರ, ಕಾರ್ಬನ್ ಮಾನಾಕ್ಸೈಡಿನದು ಮಲಗಿದವರ ತಲೆಯ ಮಟ್ಟದಲ್ಲಿ. ಮೊದಲೇ ಅಳವಡಿಸಿದ್ದರೆ ಹಿಂಬದಿಯಲ್ಲಿ ಅವಧಿ ಮುಗಿಯುವ ವರ್ಷ ನೋಡಿ. ಬಟನ್ ಒತ್ತಿದಾಗ ಕೂಗುತ್ತದೆ ಎಂಬುದಷ್ಟೇ ಸಾಲದು. ಒಳಗಿನ ಸೆನ್ಸರಿಗೂ ಆಯಸ್ಸಿದೆ.

5. ವೈರಿಂಗ್

ವ್ಯಾನಿನಲ್ಲಿ ಎರಡು ಬಗೆಯ ಕರೆಂಟ್ ಇರುತ್ತದೆ: ಬ್ಯಾಟರಿಯ 12 ವೋಲ್ಟ್ ಮತ್ತು ಹೊರಗಿನ ಪ್ಲಗ್ಗಿನಿಂದಲೋ ಇನ್ವರ್ಟರಿನಿಂದಲೋ ಬರುವ 230 ವೋಲ್ಟ್. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎನ್ನುವ ನಂಬಿಕೆಯೇ ಬೆಂಕಿಗೆ ಕಾರಣವಾಗುತ್ತದೆ. ಲೆಕ್ಕ ನೋಡಿ: 1,000 ವಾಟಿನ ಇನ್ವರ್ಟರಿಗೆ 12 ವೋಲ್ಟಿನಲ್ಲಿ 83 ಆಂಪಿಯರ್ ಬೇಕು, ಇನ್ವರ್ಟರ್ ತಾನೇ ತಿನ್ನುವುದನ್ನು ಸೇರಿಸಿದರೆ ನೂರರ ಹತ್ತಿರ. ಮನೆಯ ಪ್ಲಗ್ಗಿಗೆ ಎಳೆಯುವ 2.5 ಚದರ ಮಿ.ಮೀ. ವೈರಿಗೆ ಅದರ ಕಾಲುಭಾಗ ಹೊರುವುದೂ ಕಷ್ಟ. ಈ ಕೆಲಸಕ್ಕೆ ಕಿರುಬೆರಳು ದಪ್ಪದ ಕೇಬಲ್ಲೇ ಆಗಬೇಕು.

ಹಾಸಿಗೆಯ ಹಲಗೆ ಎತ್ತಿಸಿ. "ಅದು ಫಿಕ್ಸ್ ಮಾಡ್ಬಿಟ್ಟಿದೀವಿ ಅಣ್ಣ" ಎಂದರೆ ಸ್ಕ್ರೂ ಬಿಚ್ಚಲು ಅನುಮತಿ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ. ಒಮ್ಮೆ ಮಂಡ್ಯದಲ್ಲಿ ನೆಂಟರೊಬ್ಬರಿಗಾಗಿ ನೋಡಿದ ವ್ಯಾನಿನಲ್ಲಿ ಹಲಗೆಯ ಕೆಳಗೆ ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಒಂದು ಬದಿಯಲ್ಲಿ ಕಂದಾಗಿ, ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ ಬಾಗಿತ್ತು. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿಯ ತುಂಡು ಸುತ್ತಿದ್ದರು. ವರದಿಯಲ್ಲಿದ್ದದ್ದು "ವೈರಿಂಗ್ ಓಕೆ".

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲೇಬೇಕು. ಫ್ಯೂಸ್ ಇರುವುದು ವೈರನ್ನು ಕಾಯಲು. ಅದು ದೂರವಿದ್ದರೆ ಬ್ಯಾಟರಿಗೂ ಅದಕ್ಕೂ ನಡುವಿನ ವೈರನ್ನು ಕಾಯುವವರಿಲ್ಲ. ವೈರು ತಗಡನ್ನು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೊಮೆಟ್, ಅಂದರೆ ಅಂಚು ತಾಗದಂತೆ ಕೂರಿಸುವ ಉಂಗುರ, ಬೇಕು. ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳನ್ನು ಎಣಿಸಿ. ಒಂದೆರಡಿದ್ದರೆ ಸರಿಪಡಿಸಬಹುದು, ಎಲ್ಲೆಲ್ಲೂ ಇದ್ದರೆ ಒಳಗಿನ ವೈರಿಂಗ್ ಪೂರ್ತಿ ಹೊಸದು ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಲೋಡ್ ಪರೀಕ್ಷೆ ಹೀಗೆ. ಇನ್ವರ್ಟರಿಗೆ ಅದರ ಶಕ್ತಿಯ ಮುಕ್ಕಾಲು ಭಾಗದಷ್ಟು ಲೋಡ್ ಕೊಟ್ಟು ಹದಿನೈದು ನಿಮಿಷ ಓಡಿಸಿ. ಮಲ್ಟಿಮೀಟರಿನಲ್ಲಿ ಬ್ಯಾಟರಿ ತುದಿಯ ವೋಲ್ಟೇಜನ್ನೂ ಇನ್ವರ್ಟರಿನ ಒಳಬರುವ ತುದಿಯ ವೋಲ್ಟೇಜನ್ನೂ ಅಳೆಯಿರಿ. ಅರ್ಧ ವೋಲ್ಟ್ ವ್ಯತ್ಯಾಸವೆಂದರೆ, 100 ಆಂಪಿಯರ್ ಹರಿಯುವಾಗ 50 ವಾಟ್ ಶಾಖ ಆ ವೈರಿನಲ್ಲೇ, ನಿಮ್ಮ ಹಾಸಿಗೆಯ ಕೆಳಗೇ ಹುಟ್ಟುತ್ತಿದೆ. ಕೇಬಲ್ ಮೇಲೆ ಕೈಯಿಟ್ಟುಕೊಳ್ಳಲಾಗದಷ್ಟು ಬಿಸಿಯಾದರೆ ಪರೀಕ್ಷೆ ನಿಲ್ಲಿಸಿ. ಮುಂದೆ ನೋಡುವ ಅಗತ್ಯವಿಲ್ಲ.

ಬ್ಯಾಟರಿ ಟ್ಯೂಬುಲರ್ (ಮನೆಯ ಇನ್ವರ್ಟರಿಗೆ ಹಾಕುವಂಥ ಆಸಿಡ್ ಬ್ಯಾಟರಿ) ಆಗಿದ್ದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಶೇ. 4 ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು. ಮುಚ್ಚಿದ ಪೆಟ್ಟಿಗೆಯಲ್ಲಿ, ಹೊರಗೆ ಗಾಳಿ ಹೋಗುವ ಪೈಪಿಲ್ಲದೆ ಇಟ್ಟಿದ್ದರೆ ನಿಲ್ಲಿಸುವ ಗುಂಪಿಗೆ ಸೇರಿಸಿ. ಐವತ್ತು ಕೆ.ಜಿ. ತೂಗುವ ಬ್ಯಾಟರಿಯನ್ನು ಪಟ್ಟಿ ಬಿಗಿದು ಕಟ್ಟಿರದಿದ್ದರೆ ಅಪಘಾತದಲ್ಲಿ ಅದು ಮುಂದಿನ ಸೀಟಿನವರ ಬೆನ್ನಿಗೆ ಬರುತ್ತದೆ. ಲಿಥಿಯಂ ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ದುಡ್ಡಿನ ಮುಖ ನೋಡದೆ ತೆಗೆಸಿ.

230 ವೋಲ್ಟ್ ಕಡೆ ಒಂದೇ ಮುಖ್ಯ: 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ? ಕರೆಂಟ್ ಮನುಷ್ಯನ ಮೈಮೂಲಕ ನೆಲಕ್ಕೆ ಹರಿದರೆ ತಕ್ಷಣ ಬಿದ್ದುಬಿಡುವ ಸ್ವಿಚ್ಚು ಅದು. ಅದರ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಗಾಡಿಯ ಲೋಹದ ಮೈಗೂ ಅರ್ಥಿಂಗ್ ಕೊಟ್ಟಿರಬೇಕು. ಇಲ್ಲದಿದ್ದರೆ ಎಲ್ಲೋ ಒಂದು ವೈರು ತಾಗಿದರೂ ಇಡೀ ವ್ಯಾನೇ ಶಾಕ್ ಹೊಡೆಯುತ್ತದೆ, ಮಳೆಯಲ್ಲಿ ಬರಿಗಾಲಿನಲ್ಲಿ ಹತ್ತುವ ಮಗುವಿಗೂ.

6. ಬ್ರೇಕ್

ಇಲ್ಲಿ ಒಂದು ಎಚ್ಚರಿಕೆ ಮೊದಲು. "ಬ್ರೇಕ್ ಸ್ವಲ್ಪ ಮೆತ್ತಗಿದೆ" ಎಂದು ವರದಿ ಹೇಳಿದ ಗಾಡಿಯನ್ನು ಟೆಸ್ಟ್ ಡ್ರೈವ್ ಎಂದು ಚಾಮುಂಡಿ ಬೆಟ್ಟಕ್ಕೆ ಹತ್ತಿಸಬೇಡಿ. ಹತ್ತಿದ್ದನ್ನು ಇಳಿಸಲೂ ಬೇಕಲ್ಲ.

ನಿಂತಲ್ಲೇ ಎಂಜಿನ್ ಆನ್ ಮಾಡಿ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಆಯಿಲ್ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೋಗಿದೆ. ಪಂಪ್ ಮಾಡಿದಾಗ ಮಾತ್ರ ಗಟ್ಟಿಯಾದರೆ ಗಾಳಿ ಸೇರಿದೆ. ಆಮೇಲೆ ಖಾಲಿಯಿರುವ ಸಮತಟ್ಟಿನ ರಸ್ತೆಯಲ್ಲಿ 30ರ ವೇಗದಲ್ಲಿ ಒತ್ತಿ ನೋಡಿ. ಒಂದು ಪಕ್ಕಕ್ಕೆ ಎಳೆದರೆ ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ.

ಬ್ರೇಕ್ ಆಯಿಲ್ ಎಂದಾದರೂ ಬದಲಿಸಿದ್ದೀರಾ ಎಂದು ಮಾಲೀಕರನ್ನು ಕೇಳಿ. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊಟಿಯಿಂದ ಗೂಡಲೂರು ಘಾಟಿ ಇಳಿಯುವಾಗ, ತುಂಬಿದ ವ್ಯಾನಿನಲ್ಲಿ ಒಂದೇ ಸಮ ಬ್ರೇಕ್ ತುಳಿದರೆ ಆಯಿಲ್ ಕುದ್ದು ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಮೈಸೂರಿನ ಬಯಲಿನಲ್ಲಿ ಎರಡು ವರ್ಷ ಓಡಿದರೂ ಈ ದೋಷ ಕಾಣಿಸಿಕೊಳ್ಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ಖರ್ಚೂ ಕಡಿಮೆ.

7. ಟೈರ್ ಮತ್ತು ತೂಕ, ಎರಡನ್ನೂ ಒಟ್ಟಿಗೆ

"ಟೈರ್ ಶೇ. 80 ಇದೆ" ಎಂದು ಬರೆದಿರುತ್ತಾರೆ. ಅದು ಟೈರಿನ ಮೈಮೇಲಿನ ಗೀರಿನ (ಟ್ರೆಡ್) ಆಳದ ಮಾತು, ವಯಸ್ಸಿನದಲ್ಲ. ವ್ಯಾನುಗಳು ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುತ್ತವೆ. ಟೈರ್ ಸವೆಯದೆಯೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟೈರುಗಳನ್ನು ಗೀರು ಎಷ್ಟೇ ಇದ್ದರೂ ಬದಲಿಸುವ ಪಟ್ಟಿಗೆ ನಾನು ಹಾಕುತ್ತೇನೆ. ಪಕ್ಕದ ಗೋಡೆಯಲ್ಲಿ ಒಣಗಿದ ಕೆರೆಯ ನೆಲದಂಥ ಬಿರುಕಿದ್ದರೆ ಯೋಚಿಸುವುದೇ ಬೇಡ. ಸ್ಟೆಪ್ನಿಯನ್ನೂ ನೋಡಿ, ಹೆಚ್ಚಾಗಿ ಅದೇ ಎಲ್ಲಕ್ಕಿಂತ ಹಳೆಯದು.

ಈಗ ತೂಕ. ಇದನ್ನು ಬಹುಪಾಲು ಜನ ಮಾಡುವುದೇ ಇಲ್ಲ, ಆದರೆ ನಮ್ಮ ಕಡೆಯವರಿಗೆ ಇಷ್ಟು ಸುಲಭದ ಪರೀಕ್ಷೆ ಬೇರೊಂದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಲಾರಿ, ಭತ್ತದ ಟ್ರ್ಯಾಕ್ಟರ್ ತೂಗುವ ವೇ ಬ್ರಿಡ್ಜ್ ಸುಲಭವಾಗಿ ಸಿಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಸಾಲು ಉದ್ದವಿರುತ್ತದೆ, ಮಧ್ಯಾಹ್ನ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ತೆಗೆದುಕೊಳ್ಳಿ.

ಆರ್‌ಸಿಯಲ್ಲಿ ಗಾಡಿಯ ಗರಿಷ್ಠ ಒಟ್ಟು ತೂಕ ಬರೆದಿರುತ್ತದೆ. ಉದಾಹರಣೆಗೆ ಅದು 3,500 ಕೆ.ಜಿ. ಎಂದಿಟ್ಟುಕೊಳ್ಳಿ, ಖಾಲಿ ವ್ಯಾನ್ 3,060 ತೂಗಿತು. ಉಳಿದದ್ದು 440. ಐದು ಜನ, ತಲೆಗೆ 65ರಂತೆ 325. ನೀರು 80 ಲೀಟರ್, 80 ಕೆ.ಜಿ. ತುಂಬಿದ 14.2 ಕೆ.ಜಿ. ಗ್ಯಾಸ್ ಸಿಲಿಂಡರು ಉಕ್ಕಿನ ತೂಕ ಸೇರಿ 30ರ ಹತ್ತಿರ. ಬಟ್ಟೆ, ಅಕ್ಕಿ, ಪಾತ್ರೆಗೆ ಉಳಿದದ್ದು ಐದು ಕೆ.ಜಿ. ಅಂದರೆ ಈ ವ್ಯಾನ್ ಐದು ಜನರ ವ್ಯಾನಲ್ಲ. ಇದನ್ನು ಯಾವ ರಿಪೇರಿಯೂ ಸರಿಮಾಡದು. ಒಳಗಿನ ಭಾರದ ಮರದ ಕೆಲಸ ಕಿತ್ತುಹಾಕಬೇಕು, ಇಲ್ಲವೇ ಜನ ಕಡಿಮೆಯಾಗಬೇಕು.

ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಲೋಡ್ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ, ಒಂದು ಟೈರು ಹೊರಬಲ್ಲ ಭಾರದ ಗುರುತು. 100 ಎಂದರೆ 800 ಕೆ.ಜಿ., 104 ಎಂದರೆ 900, 109 ಎಂದರೆ 1,030. ಹಿಂದೆ ಎರಡೇ ಟೈರಿದ್ದು ಹಿಂದಿನ ಚಕ್ರದ ಚೀಟಿ 1,900 ತೋರಿಸಿ, ಟೈರು 104 ಆಗಿದ್ದರೆ 100 ಕೆ.ಜಿ. ಮೀರಿದೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಏಪ್ರಿಲ್ ಮಧ್ಯಾಹ್ನ ಅಂಥ ಟೈರ್ ಮೇಲೆ 100ರ ವೇಗದಲ್ಲಿ ಹೋಗುವವರನ್ನು ನೆನೆದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ನೀರಿನ ಟ್ಯಾಂಕನ್ನು ಹಿಂದಿನ ಚಕ್ರಕ್ಕಿಂತಲೂ ಹಿಂದೆ ಕೂರಿಸಿದ್ದರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಮುಂದಿನ ಚಕ್ರದ ಚೀಟಿ ಬೇಕೆಂದದ್ದು ಅದಕ್ಕೆ.

8. ಚಾಸಿ, ತುಕ್ಕು, ಸೋರಿಕೆ

ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಡಿ. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಪದರ ಪದರವಾಗಿ ಎದ್ದರೆ, ಒಳಗೆ ಹೋದರೆ ಹೆದರಿ. ಕರಾವಳಿಯಲ್ಲಿ ಓಡಿದ ಗಾಡಿಗಳಲ್ಲಿ ಇದನ್ನು ಹೆಚ್ಚು ಗಮನವಿಟ್ಟು ನೋಡಿ. ಟ್ಯಾಂಕ್ ಕೂರಿಸಲು ಚಾಸಿಯ ಅಡ್ಡಪಟ್ಟಿ ಕತ್ತರಿಸಿದ್ದರೆ, ಉದ್ದಪಟ್ಟಿಯ ಮೇಲೆ ಕಂಪನಿಯದಲ್ಲದ ವೆಲ್ಡಿಂಗ್ ಇದ್ದರೆ ಮೊದಲನೆಯ ಗುಂಪು. ಎದ್ದು ಬನ್ನಿ. ಹೊಸದಾಗಿ ದಪ್ಪನೆ ಕಪ್ಪು ಬಣ್ಣ ಬಳಿದ ಚಾಸಿಯಾದರೆ ಇನ್ನೂ ಎಚ್ಚರವಾಗಿ ನೋಡಿ.

ನೀರು ಸೋರಿಕೆಯನ್ನು ಅಂದಗೇಡು ಎಂದು ತಳ್ಳಿಹಾಕುತ್ತಾರೆ. ಮೇಲಿನ ಬೀರು, ಎರಡನೇ ಹಾಸಿಗೆ, ಚಾವಣಿಯ ಸೋಲಾರ್ ಪ್ಯಾನೆಲ್ ಎಲ್ಲ ನಿಂತಿರುವುದು ಆ ಪ್ಲೈವುಡ್ಡಿನ ಸ್ಕ್ರೂಗಳ ಮೇಲೆ. ಕೊಳೆತ ಪ್ಲೈವುಡ್ ಸ್ಕ್ರೂ ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಮೂಲೆಗಳನ್ನು ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಸದ್ದು ಹೋಗಿ ಬೊದ್ದು ಸದ್ದು ಬಂದ ಕಡೆ ಗುರುತು ಹಾಕಿ. ಮಾಯಿಶ್ಚರ್ ಮೀಟರ್ (ಮರದ ತೇವ ಅಳೆಯುವ ಮೀಟರು) ಸಿಕ್ಕರೆ ಶೇ. 20 ಮೀರಿದ ಕಡೆಯೆಲ್ಲ ಅನುಮಾನಿಸಿ. ಒಳಗೆ ಅಗರಬತ್ತಿ, ಪರ್ಫ್ಯೂಮಿನ ವಾಸನೆ ಜೋರಾಗಿದ್ದರೆ ಬಾಗಿಲು ಮುಚ್ಚಿ ಒಂದು ಗಂಟೆ ಬಿಟ್ಟು ಮತ್ತೆ ಹತ್ತಿ.

9. ಹೊರಬರುವ ದಾರಿ, ಕೂರುವ ಜಾಗ

ಮುಖ್ಯ ಬಾಗಿಲಿನ ಹತ್ತಿರವೇ ಒಲೆಯಿದ್ದರೆ ಬೆಂಕಿ ಬಿದ್ದಾಗ ಆ ದಾರಿ ಮುಚ್ಚಿತು. ಹಾಸಿಗೆಯ ಕಡೆ ಒಳಗಿನಿಂದ ತೆರೆಯುವ, ದೊಡ್ಡವರು ನುಸುಳಬಹುದಾದ ಇನ್ನೊಂದು ಕಿಟಕಿ ಅಥವಾ ಬಾಗಿಲು ಬೇಕು. ಕತ್ತಲಲ್ಲಿ, ಮನೆಯ ಹಿರಿಯರ ಕೈಯಲ್ಲೇ ತೆರೆಸಿ ನೋಡಿ. ಡ್ರೈ ಪೌಡರ್ ಬೆಂಕಿ ನಂದಕದ ಮುಳ್ಳು ಹಸಿರಿನಲ್ಲಿರಲಿ.

ಹೊಸದಾಗಿ ಕೂರಿಸಿದ ಸೀಟಿನ ಬೆಲ್ಟ್ ಪ್ಲೈವುಡ್ಡಿಗೆ ಬಿಗಿದಿದ್ದರೆ ಅದು ಬೆಲ್ಟ್ ಅಲ್ಲ. ಬೋಲ್ಟ್ ಕೆಳಗಿನ ಲೋಹಕ್ಕೆ ಹೋಗಿದೆಯೇ ನೋಡಿ. ಗಾಡಿ ಓಡುವಾಗ ಯಾರೂ, ಮಕ್ಕಳು ಕೂಡ, ಹಾಸಿಗೆಯ ಮೇಲೆ ಮಲಗಕೂಡದು.

10. ಕಾಗದ

ಇದು ಸುರಕ್ಷತೆಯ ಪಟ್ಟಿಗೆ ಏಕೆ ಬಂತೆಂದರೆ, ಅಪಘಾತವಾದ ಮೇಲೆ ವಿಮೆ ಸಿಗುವುದೂ ಸಿಗದಿರುವುದೂ ಇಲ್ಲಿ ತೀರ್ಮಾನವಾಗುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆರ್‌ಸಿಯಲ್ಲಿ ಗಾಡಿಯ ವರ್ಗ, ಬಾಡಿ ಬಗೆ, ಸೀಟಿನ ಸಂಖ್ಯೆ ಓದಿ. ಒಳಗೆ ಅಡುಗೆಮನೆ ಇದ್ದು ಆರ್‌ಸಿಯಲ್ಲಿ ಇನ್ನೂ 13 ಸೀಟಿನ ಬಸ್ ಎಂದಿದ್ದರೆ ಮುಂಗಡ ಕೊಡುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ಕೇಳಿ: ಕೆಎ-09 ಮೈಸೂರು ಪಶ್ಚಿಮ, ಕೆಎ-55 ಮೈಸೂರು ಪೂರ್ವ, ಕೆಎ-11 ಮಂಡ್ಯ. "ಎಲ್ಲರೂ ಹಂಗೇ ಓಡಿಸ್ತಾರೆ" ಎಂಬ ಮಾತನ್ನು ವಿಮೆ ಕಂಪನಿ ಕೇಳುವುದಿಲ್ಲ. ವಿಮೆಯವರಿಗೂ ಮಾರ್ಪಾಡನ್ನು ಬರವಣಿಗೆಯಲ್ಲಿ ತಿಳಿಸಿ.

ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಆಗಬೇಕು. ಎಫ್‌ಸಿ ಇದೆ ಎಂದ ಮಾತ್ರಕ್ಕೆ ಒಳಗಿನ ಗ್ಯಾಸು, ವೈರಿಂಗ್ ಸರಿಯಿದೆ ಎಂದು ತಿಳಿಯಬೇಡಿ.

11. ಮಾತುಕತೆ ಮತ್ತು ಮರುಪರೀಕ್ಷೆ

ನಿಲ್ಲಿಸುವ ಗುಂಪಿನ ಪ್ರತಿ ದೋಷಕ್ಕೂ ಆಯಾ ಕೆಲಸದವರಿಂದ ಅಂದಾಜು ಬರೆಸಿಕೊಳ್ಳಿ. ಗ್ಯಾಸಿಗೆ ಗ್ಯಾಸ್ ಕೆಲಸದವರು, ವೈರಿಂಗಿಗೆ ಆಟೊ ಎಲೆಕ್ಟ್ರಿಷಿಯನ್. ಮಾರುವವರು "ನಾವೇ ಎರಡು ಸಲ ಊಟಿಗೆ ಹೋಗ್ಬಂದಿದೀವಿ, ಏನೂ ಆಗಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಸೋರುವ ಜಾಯಿಂಟ್ ಕೂಡ ಎರಡು ಸಲ ಊಟಿಗೆ ಹೋಗಿ ಬರಬಹುದು. ಜಗಳ ಮಾಡದೆ ಎರಡು ದಾರಿ ಮುಂದಿಡಿ: ಅವರೇ ಬಿಲ್ ಸಮೇತ ಸರಿಮಾಡಿಸಿ ಕೊಡಲಿ, ಇಲ್ಲವೇ ಅಂದಾಜಿನ ಮೊತ್ತ ಬೆಲೆಯಲ್ಲಿ ಇಳಿಯಲಿ. ಸುರಕ್ಷತೆಯ ಕೆಲಸವನ್ನು ನಿಮ್ಮ ಆಯ್ಕೆಯ ಗ್ಯಾರೇಜಿನಲ್ಲಿ ಮಾಡಿಸಲು ಎರಡನೆಯದೇ ವಾಸಿ. ಟೋಕನ್ ಅಡ್ವಾನ್ಸ್ ಕೊಡುವುದಾದರೆ, ಮರುಪರೀಕ್ಷೆಯಲ್ಲಿ ಸರಿಯಿಲ್ಲದಿದ್ದರೆ ಹಣ ವಾಪಸು ಎಂದು ಬರೆಸಿ ಇಬ್ಬರೂ ಸಹಿ ಹಾಕಿ.

ರಿಪೇರಿ ಮುಗಿದ ಮೇಲೆ ಅದೇ ಸಾಬೂನು ನೀರು, ಅದೇ ಲೋಡ್ ಪರೀಕ್ಷೆ, ಅದೇ ಬ್ರೇಕ್ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಉಳಿದ ಹಣ ಕೊಟ್ಟು, ಗಾಡಿಯನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ. ಸಾಲವಿದ್ದ ಗಾಡಿಯಾದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೂಡ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ.

ಮೊದಲ ರಾತ್ರಿಯನ್ನು ದೂರದ ಊರಿನಲ್ಲಿ ಕಳೆಯಬೇಡಿ. ನಿಮ್ಮ ಮನೆ ಮುಂದೆಯೇ ನಿಲ್ಲಿಸಿ, ಅಡುಗೆ ಮಾಡಿ, ಫ್ಯಾನು ದೀಪ ಹಾಕಿ, ಎರಡೂ ಅಲಾರಂ ಆನ್ ಮಾಡಿ ದೊಡ್ಡವರಿಬ್ಬರೇ ಮಲಗಿ. ಬೆಳಿಗ್ಗೆ ತಲೆ ಭಾರವಿದ್ದರೆ, ಮೆಟ್ಟಿಲ ಗುಂಡಿಯಲ್ಲಿ ವಾಸನೆ ಬಂದರೆ, ಹಾಸಿಗೆಯ ಹಲಗೆ ಬೆಚ್ಚಗಿದ್ದರೆ ಮತ್ತೆ ಮೂರನೇ ಹಂತದಿಂದ ಶುರುಮಾಡಿ. ಏನೂ ಇಲ್ಲವಾದರೆ ಮಕ್ಕಳ ಹಾಸಿಗೆ ಹಾಸಿ.